ಶಟರ್ ಇಳಿದ ಮೇಲಿನ ದುಡಿಮೆ: ಅಂಗಡಿ ಮಾರಾಟಗಾರರ ಓವರ್‌ಟೈಮ್ ಯಾರ ಲೆಕ್ಕಕ್ಕೆ?

ದೊಡ್ಡ ಸೀರೆ ಅಂಗಡಿಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಶಟರ್ ಅರ್ಧ ಇಳಿಯುತ್ತದೆ. ಗಿರಾಕಿಗಳ ಮಟ್ಟಿಗೆ ಅಂಗಡಿ ಮುಚ್ಚಿತು. ಒಳಗಿನವರಿಗೆ ಇನ್ನೊಂದು ಸುತ್ತಿನ ಕೆಲಸ ಆಗ ಶುರು. ಸಂಜೆಯಿಡೀ ಗಾದಿಯ ಮೇಲೆ ಹರಡಿದ ಸೀರೆಗಳನ್ನು ಹಳೆಯ ಮಡಿಕೆಯಲ್ಲೇ ಮಡಚಿ, ಸೆರಗು ಮೇಲೆ ಕಾಣುವಂತೆ ಕವರಿಗೆ ಹಾಕಿ, ರೇಟಿನ ಚೀಟಿ ನೋಡಿ ಆಯಾ ಕಪಾಟಿಗೆ ಸೇರಿಸಬೇಕು. ಬಿಲ್ಲಿಗೂ ಮಾಲಿಗೂ ತಾಳೆ ನೋಡಬೇಕು. ಗಲ್ಲಾದ ಲೆಕ್ಕ ಕೂಡದಿದ್ದರೆ ಕೂಡುವ ತನಕ ಯಾರೂ ಹೊರಡುವಂತಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರದಲ್ಲಿ, ದೀಪಾವಳಿ ಸೀಸನ್ನಿನಲ್ಲಿ ಇದೆಲ್ಲ ಮುಗಿಯುವಾಗ ಗಂಟೆ ಹನ್ನೊಂದಾಗಿರುತ್ತದೆ. ಹಾಜರಿ ಪುಸ್ತಕದಲ್ಲಿ ಮಾತ್ರ ಒಂಬತ್ತಕ್ಕೇ ಸಹಿ.

ಈ ಹೊತ್ತಿಗೆ ಬೆಲೆ ಕಟ್ಟುವುದು ಕಷ್ಟವೇನಲ್ಲ. ತಿಂಗಳ ಸಂಬಳ 15,600 ರೂಪಾಯಿ, ಕೆಲಸ 26 ದಿನ, ದಿನಕ್ಕೆ 8 ಗಂಟೆ ಎಂದಿಟ್ಟುಕೊಳ್ಳಿ. ಗಂಟೆಗೆ 75 ರೂಪಾಯಿ ಬೀಳುತ್ತದೆ. ಓವರ್‌ಟೈಮಿಗೆ ಇದರ ಎರಡು ಪಟ್ಟು, ಅಂದರೆ 150. ದಿನಾ ಒಂದೂವರೆ ಗಂಟೆ ಹೆಚ್ಚು ನಿಂತರೆ ತಿಂಗಳಿಗೆ 39 ಗಂಟೆ, 5,850 ರೂಪಾಯಿ. ಸಂಬಳದ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು. ಇಷ್ಟು ದೊಡ್ಡ ಬಾಕಿಯನ್ನು ಜನ ಕೇಳದೆ ಬಿಡುವುದಕ್ಕೆ ಕೆಲಸ ಹೋದೀತೆಂಬ ಭಯ ಒಂದು ಕಾರಣ. ಇನ್ನೊಂದು ಕಾರಣ, ಕೇಳಿದವರಿಗೆ ಸಿಗುವ ಉತ್ತರ: "ಅದೆಲ್ಲ ವರ್ಕರ್‌ಗಳಿಗೆ, ನೀವು ಎಕ್ಸಿಕ್ಯುಟಿವ್ ಅಲ್ವಾ?"

ಜಗಳ ಗಂಟೆಯದ್ದೆಂದು ಮೇಲ್ನೋಟಕ್ಕೆ ಕಾಣುತ್ತದೆ. ಕೋರ್ಟಿನಲ್ಲಿ ಅದು ಬೇರೆಯೇ ಆಗುತ್ತದೆ: ಈ ಮನುಷ್ಯ ಯಾವ ಪಟ್ಟಿಗೆ ಸೇರಿದವನು? ಕಾರ್ಮಿಕನೋ, ಮ್ಯಾನೇಜರೋ, ಮಾರಾಟ ಪ್ರತಿನಿಧಿಯೋ, ಗುತ್ತಿಗೆಯವನೋ? ಪಟ್ಟಿ ತಪ್ಪಿದರೆ ಗಂಟೆಯ ಮಾತೇ ಬರುವುದಿಲ್ಲ. ಈ ವಿಂಗಡಣೆಯ ಸುತ್ತ ನಮ್ಮಲ್ಲೂ ಹೊರದೇಶಗಳಲ್ಲೂ ಮುಕ್ಕಾಲು ಶತಮಾನದಿಂದ ವಾದ ನಡೆದಿದೆ.

ಕಾನೂನು ಅಂಗಡಿಗೆ ಬಂದದ್ದು ತಡವಾಗಿ

ಕೆಲಸದ ಹೊತ್ತಿನ ಕಾನೂನು ಹುಟ್ಟಿದ್ದು ಗಿರಣಿಯಲ್ಲಿ. ಅಂಗಡಿಯನ್ನು ಬಹಳ ಕಾಲ ಮನೆಯ ವಿಸ್ತರಣೆ ಎಂದೇ ಎಣಿಸಲಾಗಿತ್ತು. ಬ್ರಿಟನ್ನಿನ 1886ರ ಅಂಗಡಿ ಕಾಯ್ದೆ ಕಾಪಾಡಿದ್ದು 18 ವರ್ಷದೊಳಗಿನವರನ್ನಷ್ಟೇ. ಅವರಿಗೂ ಅದು ಹಾಕಿದ ಮಿತಿ, ಊಟದ ಹೊತ್ತು ಸೇರಿ, ವಾರಕ್ಕೆ 74 ಗಂಟೆ! ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ಮಾಡಿದ ಮೊದಲ ಒಡಂಬಡಿಕೆ ಕೈಗಾರಿಕೆಗೆ ಮೀಸಲಾಗಿತ್ತು. ಭಾರತ 1921ರಲ್ಲಿ ಅದನ್ನು ಒಪ್ಪಿತು. ವಾಣಿಜ್ಯ ಮತ್ತು ಕಚೇರಿಗಳಿಗೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂಬ ಒಡಂಬಡಿಕೆ ಬಂದದ್ದು 1930ರಲ್ಲಿ.

ನಮ್ಮಲ್ಲಿ ಮೊದಲು ಹೆಜ್ಜೆ ಇಟ್ಟದ್ದು ಮುಂಬೈ ಪ್ರಾಂತ್ಯ, 1939ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯೊಂದಿಗೆ. ಏಕೀಕರಣದ ನಂತರ, ಬೇರೆ ಬೇರೆ ಪ್ರಾಂತ್ಯಗಳಿಂದ ಬಂದಿದ್ದ ನಿಯಮಗಳ ಜಾಗದಲ್ಲಿ ಮೈಸೂರು ರಾಜ್ಯ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ತಂದಿತು. ಇಂದಿಗೂ ಕರ್ನಾಟಕದ ಅಂಗಡಿಗಳ ಮೂಲ ಕಾನೂನು ಅದೇ. ದಿನಕ್ಕೆ 9, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿ ದಿನಕ್ಕೆ 10 ಮೀರಬಾರದು, ದಾಸ್ತಾನು ಎಣಿಕೆ ಮತ್ತು ಲೆಕ್ಕ ಮುಗಿಸುವ ದಿನಗಳಿಗೆ ಮಾತ್ರ ವಿನಾಯಿತಿ. ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ದಾಟಬಾರದು. ಹೆಚ್ಚಿನ ಹೊತ್ತಿಗೆ ಎರಡು ಪಟ್ಟು ಕೂಲಿ.

ಈ ಕಾಯ್ದೆಯಲ್ಲಿ ಉದ್ಯೋಗಿ ಯಾರೆಂಬ ವ್ಯಾಖ್ಯೆ ಉದಾರವಾದದ್ದು. ಕಾಯಂ ಇರಲಿ, ಗುತ್ತಿಗೆ ಇರಲಿ, ಪೀಸ್ ರೇಟ್ ಇರಲಿ, ಕಮಿಷನ್ ಮೇಲೆ ದುಡಿಯುತ್ತಿರಲಿ, ಅಪ್ರೆಂಟಿಸ್ ಇರಲಿ, ಎಲ್ಲರೂ ಒಳಗೆ. ಕಂಟ್ರಾಕ್ಟರ್ ಮೂಲಕ ಬಂದವರೂ ಒಳಗೆ. ಮಾಲೀಕರ ಮನೆಯವರು ಮಾತ್ರ ಹೊರಗೆ. ಆದರೆ ವಿನಾಯಿತಿಗಳ ಸಾಲಿನಲ್ಲಿ ಒಂದು ಮಾತಿದೆ: ಆಡಳಿತದ ಹುದ್ದೆಯಲ್ಲಿರುವವರಿಗೆ ಇದು ಅನ್ವಯಿಸುವುದಿಲ್ಲ. ಅದಕ್ಕೆ ಸಂಬಳದ ಗೆರೆಯಿಲ್ಲ. ಸಣ್ಣ ಅಂಗಡಿಯ ಯಜಮಾನರಿಗೆ ಈ ಬಾಗಿಲಿನ ಗೊಡವೆ ಬೇಕಿರಲಿಲ್ಲ, ಅವರು ಕಾಯ್ದೆಯನ್ನೇ ಲೆಕ್ಕಕ್ಕಿಟ್ಟಿರಲಿಲ್ಲ. ವಕೀಲರನ್ನೂ ಎಚ್‌ಆರ್ ವಿಭಾಗವನ್ನೂ ಇಟ್ಟುಕೊಂಡ ಮಾಲ್ ಸಂಸ್ಕೃತಿ ಬಂದ ಮೇಲೆ ಅದರ ಬೆಲೆ ತಿಳಿಯಿತು.

ಮಾರಾಟ ಎಂಥ ಕೆಲಸ?

ಅಂಗಡಿ ಕಾಯ್ದೆ ರಾಜ್ಯದ್ದು. ವಿವಾದ ಎದ್ದಾಗ ಜನ ಹೋಗುತ್ತಿದ್ದುದು 1947ರ ಕೈಗಾರಿಕಾ ವಿವಾದ ಕಾಯ್ದೆಯ ದಾರಿಯಲ್ಲಿ. ಅಲ್ಲಿ ಕಾರ್ಮಿಕನೆಂದರೆ ಕೈಗೆಲಸ ಅಥವಾ ಗುಮಾಸ್ತಿಕೆ ಮಾಡುವವನು. 1956ರಲ್ಲಿ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳು ಸೇರಿದವು. ಮಾರಾಟ ಎಂಬ ಪದ ಈ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಔಷಧ ಕಂಪನಿಗಳ ಪ್ರತಿನಿಧಿಗಳಿಗೆ. ಮೇ ಅಂಡ್ ಬೇಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ, ಔಷಧ ಪ್ರಚಾರ ಮಾಡುವವನ ಕೆಲಸ ಕೈಗೆಲಸವೂ ಅಲ್ಲ, ಗುಮಾಸ್ತಿಕೆಯೂ ಅಲ್ಲ ಎಂದಿತು. 1970ರ ಬರ್ಮಾ ಶೆಲ್ ತೀರ್ಪು ಅದೇ ಹಾದಿ ಹಿಡಿಯಿತು. ಪ್ರತಿನಿಧಿಗಳ ಸಂಘಟನೆ ಸಂಸತ್ತಿನ ಮೊರೆ ಹೋಯಿತು. ರಾಜ್ಯಸಭೆಯ ಅರ್ಜಿ ಸಮಿತಿ 1972ರಲ್ಲಿ ಅವರ ಪರ ಶಿಫಾರಸು ಮಾಡಿತು, 1976ರಲ್ಲಿ ಮಾರಾಟ ಪ್ರಚಾರ ಉದ್ಯೋಗಿಗಳ ಕಾಯ್ದೆ ಬಂತು. ನೇಮಕಾತಿ ಪತ್ರ, ರಜೆ, ಗ್ರಾಚ್ಯುಯಿಟಿ, ವಿವಾದ ಎತ್ತುವ ಹಕ್ಕು ಎಲ್ಲವೂ ಅದರಲ್ಲಿದ್ದವು. ದಿನಕ್ಕೆ ಎಷ್ಟು ಗಂಟೆ ಎಂಬುದು ಮಾತ್ರ ಇರಲಿಲ್ಲ! ಇಂಥದ್ದೊಂದು ಕಾಯ್ದೆಯಲ್ಲಿ ಇದು ಕೈತಪ್ಪಿ ಬಿಟ್ಟುಹೋದ ವಿಷಯ ಎಂದು ನನಗೆ ಅನ್ನಿಸುವುದಿಲ್ಲ. ತಿರುಗಾಡುವವನ ಹೊತ್ತನ್ನು ಅಳೆಯಲಾಗದು ಎಂಬ ನಂಬಿಕೆ ಕಾಯ್ದೆ ಬರೆದವರಲ್ಲೂ ಇತ್ತು.

ಅತ್ತ ಎಪ್ಪತ್ತು, ಎಂಬತ್ತರ ದಶಕದಲ್ಲಿ ಸುಪ್ರೀಂ ಕೋರ್ಟಿನ ಗಾಳಿ ಬದಲಾಗಿತ್ತು. ಕೃಷ್ಣ ಅಯ್ಯರ್, ಡಿ.ಎ. ದೇಸಾಯಿ ಅವರಂಥ ನ್ಯಾಯಮೂರ್ತಿಗಳು ಕಾರ್ಮಿಕ ಕಾನೂನನ್ನು ಅಗಲವಾಗಿ ಓದಿದರು. ಆಡಳಿತಗಾರನೋ ಮೇಲ್ವಿಚಾರಕನೋ ಅಲ್ಲದ ಪ್ರತಿಯೊಬ್ಬನೂ ಕಾರ್ಮಿಕನೇ ಎನ್ನುವ ಓದು ಬಲವಾಯಿತು. 1994ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಎಚ್.ಆರ್. ಅಡ್ಯಂತಾಯ ವಿರುದ್ಧ ಸ್ಯಾಂಡೋಜ್ ಪ್ರಕರಣದಲ್ಲಿ ಆ ಓದನ್ನು ತಳ್ಳಿಹಾಕಿತು. ಹೊರಗಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಸಾಲದು, ಒಳಗಿನ ಪಟ್ಟಿಯಲ್ಲಿ ತಾನಿದ್ದೇನೆಂದು ದುಡಿಯುವವನೇ ತೋರಿಸಬೇಕು. ಅದಕ್ಕೂ ಕೆಲವೇ ವರ್ಷ ಮೊದಲು ನ್ಯಾಷನಲ್ ಟೊಬ್ಯಾಕೊ ಕಂಪನಿಯ ಸೆಕ್ಷನ್ ಸೇಲ್ಸ್‌ಮನ್ ಒಬ್ಬರ ಪ್ರಕರಣದಲ್ಲಿ, ಮಾರಾಟ ಹೆಚ್ಚಿಸಲು ದಾರಿ ಹುಡುಕುವವನ ಕೆಲಸಕ್ಕೆ ಕಲ್ಪನೆ ಬೇಕು, ಸೃಜನಶೀಲತೆ ಬೇಕು, ಆದ್ದರಿಂದ ಅದು ಕೈಗೆಲಸವೂ ಅಲ್ಲ, ಗುಮಾಸ್ತಿಕೆಯೂ ಅಲ್ಲ ಎಂಬ ತೀರ್ಮಾನ ಬಂದಿತ್ತು. ಹೊಗಳಿಕೆಯಂತೆ ಕೇಳಿಸುವ ಈ ಮಾತು ಸೇಲ್ಸ್‌ಮನ್ನಿನ ರಕ್ಷಣೆಯನ್ನೇ ಕಸಿಯಿತು.

ಪಟ್ಟಿಯಲ್ಲಿ ಇರುವುದನ್ನಷ್ಟೇ ಓದುವ ಈ ಮೊದಲ ಪಂಥದ ಬಲ ಅದರ ಶಿಸ್ತು. ಶಾಸಕಾಂಗ ಹೇಳದ್ದನ್ನು ಕೋರ್ಟು ಸೇರಿಸಬಾರದು ಎಂಬ ವಾದವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಆದರೆ ಇಲ್ಲಿನ ಮುಖ್ಯ ತೀರ್ಪುಗಳೆಲ್ಲ ಊರೂರು ಸುತ್ತುವವರ ಮೇಲೆ ಬಂದವು. ಒಂದೇ ಕೌಂಟರಿನ ಹಿಂದೆ ಹನ್ನೊಂದು ಗಂಟೆ ನಿಲ್ಲುವ, ಬರುವ ಹೋಗುವ ಹೊತ್ತು ಬೇರೊಬ್ಬರ ಕೈಯಲ್ಲಿರುವ, ಊಟಕ್ಕೂ ಸರದಿ ಕಾಯುವ ಹುಡುಗಿಗೆ ಆ ಅಳತೆಗೋಲು ಹಿಡಿದದ್ದೇ ತಪ್ಪು. ಅವಳ ದಿನದ ಬಹುಭಾಗ ಮಾಲು ತೆಗೆಯುವುದು, ಮಡಚುವುದು, ಜೋಡಿಸುವುದು, ಬಿಲ್ ಹಾಕುವುದು. ಇದು ಕೈಗೆಲಸವೂ ಹೌದು, ಗುಮಾಸ್ತಿಕೆಯೂ ಹೌದು.

ಅಮೆರಿಕದ ಕಾನೂನು ಈ ವ್ಯತ್ಯಾಸವನ್ನು ಮೊದಲೇ ಗುರುತಿಸಿತ್ತು. 1938ರ ನ್ಯಾಯಯುತ ಕಾರ್ಮಿಕ ಮಾನದಂಡ ಕಾಯ್ದೆ ಓವರ್‌ಟೈಮಿನಿಂದ ಹೊರಗಿಟ್ಟದ್ದು ಹೊರಗೆ ತಿರುಗಿ ಮಾರುವ ಸೇಲ್ಸ್‌ಮನ್ನನ್ನು. ಆರಂಭದಲ್ಲಿ ಸ್ಥಳೀಯ ಚಿಲ್ಲರೆ ಅಂಗಡಿಗಳಿಗೂ ವಿನಾಯಿತಿ ಇತ್ತು. 1961ರ ತಿದ್ದುಪಡಿ ದೊಡ್ಡ ಅಂಗಡಿಗಳನ್ನು ಒಳಗೆ ತಂದಿತು. ಅಲ್ಲಿಂದಾಚೆ ಕೌಂಟರಿನಲ್ಲಿ ಮಾರುವವನು ಮಾರುತ್ತಾನೆ ಎಂಬ ಒಂದೇ ಕಾರಣಕ್ಕೆ ಓವರ್‌ಟೈಮ್ ಕಳೆದುಕೊಳ್ಳುವುದಿಲ್ಲ. ಔಷಧ ಪ್ರತಿನಿಧಿಗಳ ವಿಷಯ ಅಲ್ಲಿಯೂ ಸುಪ್ರೀಂ ಕೋರ್ಟಿಗೆ ಹೋಯಿತು. 2012ರ ಸ್ಮಿತ್‌ಕ್ಲೈನ್ ಬೀಚಮ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು, ಪ್ರತಿನಿಧಿ ಔಷಧ ಮಾರುವುದಿಲ್ಲ, ವೈದ್ಯರಿಂದ ಬರೆಯುವ ಭರವಸೆಯನ್ನಷ್ಟೇ ಪಡೆಯುತ್ತಾನೆ, ಆದರೂ ಅವನು ಮಾರಾಟಗಾರನೇ ಎಂದರು. ನಾಲ್ವರು ಒಪ್ಪಲಿಲ್ಲ. ಪ್ರಚಾರ ಮಾಡುವುದರಿಂದ ಕಾರ್ಮಿಕನಲ್ಲ ಎಂದಿತು ದೆಹಲಿ. ಪ್ರಚಾರವೂ ಮಾರಾಟವೇ, ಆದ್ದರಿಂದ ಓವರ್‌ಟೈಮಿಲ್ಲ ಎಂದಿತು ವಾಷಿಂಗ್ಟನ್. ಎರಡೂ ಕಡೆ ಸೋತವನು ಬ್ಯಾಗು ಹೊತ್ತವನು.

ಹೆಸರಿಗೆ ಮ್ಯಾನೇಜರ್

ಎರಡನೆಯ ಪಂಥಕ್ಕೆ ಪದನಾಮದ ಮೇಲೆ ನಂಬಿಕೆಯೇ ಇಲ್ಲ. ಕೆಲಸ ನೋಡಿ, ಬೋರ್ಡು ನೋಡಬೇಡಿ ಎನ್ನುತ್ತದೆ. ನಮ್ಮಲ್ಲಿ ಇದರ ಮುಖ್ಯ ತೀರ್ಪು 1985ರ ಆರ್ಕಲ್ ಗೋವಿಂದ ರಾಜ್ ರಾವ್ ವಿರುದ್ಧ ಸೀಬಾ ಗೈಗಿ. ಗ್ರೂಪ್ ಲೀಡರ್ ಎಂಬ ಪದವಿ ಕೊಟ್ಟು, ಅಲ್ಲಿಲ್ಲಿ ಒಂದಿಷ್ಟು ಮೇಲ್ವಿಚಾರಣೆ ಒಪ್ಪಿಸಿದ ಮಾತ್ರಕ್ಕೆ ಗುಮಾಸ್ತ ಗುಮಾಸ್ತನಾಗಿ ಉಳಿಯದೆ ಹೋಗುವುದಿಲ್ಲ, ಅವನ ಪ್ರಧಾನ ಕೆಲಸವೇನು ಎಂದು ಕೇಳಬೇಕು ಎಂದಿತು ಕೋರ್ಟ್.

ಈ ಪರೀಕ್ಷೆ ಕೆಲಸಕ್ಕೆ ಬರುವುದು ಹೇಗೆಂದು ತಿಳಿಯಲು ಅಮೆರಿಕದ ಫ್ಯಾಮಿಲಿ ಡಾಲರ್ ಪ್ರಕರಣ ನೋಡಬೇಕು. ಅಗ್ಗದ ಸಾಮಾನು ಮಾರುವ ಆ ಸರಣಿ ತನ್ನ ಮಳಿಗೆಗಳ ಸ್ಟೋರ್ ಮ್ಯಾನೇಜರ್‌ಗಳಿಗೆ ಓವರ್‌ಟೈಮ್ ಕೊಡುತ್ತಿರಲಿಲ್ಲ. 1,424 ಮ್ಯಾನೇಜರ್‌ಗಳು ಒಟ್ಟಾಗಿ ದಾವೆ ಹೂಡಿದರು. ವಿಚಾರಣೆಯಲ್ಲಿ ಹೊರಬಿದ್ದ ಚಿತ್ರ ಹೀಗಿತ್ತು: ಅವರು ದಿನದ ಶೇಕಡ 80ರಿಂದ 90 ಪಾಲು ಹೊತ್ತು ಲಾರಿಯಿಂದ ಪೆಟ್ಟಿಗೆ ಇಳಿಸುತ್ತಿದ್ದರು, ಕಪಾಟು ತುಂಬುತ್ತಿದ್ದರು, ಗಲ್ಲಾದಲ್ಲಿ ನಿಲ್ಲುತ್ತಿದ್ದರು, ನೆಲ ಒರೆಸುತ್ತಿದ್ದರು. ಯಾವ ಸಾಮಾನು ಎಲ್ಲಿ ಇಡಬೇಕೆಂಬುದು ಕೇಂದ್ರ ಕಚೇರಿಯಿಂದ ಬರುತ್ತಿತ್ತು, ಸಂಬಳದ ಬಜೆಟ್ಟೂ ಅಲ್ಲಿಂದಲೇ. ಮೇಲ್ಮನವಿ ನ್ಯಾಯಾಲಯ 2008ರಲ್ಲಿ ಸುಮಾರು 3.5 ಕೋಟಿ ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ಅದೇ ವರ್ಷದ ಜನವರಿಯಲ್ಲಿ ಟೋಕಿಯೊದ ಜಿಲ್ಲಾ ನ್ಯಾಯಾಲಯ, ಮೆಕ್‌ಡೊನಾಲ್ಡ್ಸ್‌ನ ಮಳಿಗೆ ಮ್ಯಾನೇಜರ್ ಒಬ್ಬರಿಗೆ ಸುಮಾರು 75 ಲಕ್ಷ ಯೆನ್ ಕೊಡಲು ಹೇಳಿತ್ತು. ಮಳಿಗೆ ನಡೆಸುವವನು ಕಂಪನಿಯನ್ನು ನಡೆಸುವವನಲ್ಲ ಎಂಬುದು ಅದರ ತಿರುಳು. ಹೆಸರಿಗಷ್ಟೇ ಮ್ಯಾನೇಜರ್ ಎಂಬ ಮಾತು ಜಪಾನಿನಲ್ಲಿ ಮನೆಮಾತಾದದ್ದು ಆಗ.

ಪದನಾಮದ ಹಂಚಿಕೆ ಆಕಸ್ಮಿಕವಲ್ಲ ಎಂಬುದಕ್ಕೆ ಅಂಕಿ ಅಂಶದ ಬೆಂಬಲವೂ ಇದೆ. ಕೊಹೆನ್, ಗುರುನ್, ಓಜೆಲ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2023ರಲ್ಲಿ ಅಮೆರಿಕದ ಉದ್ಯೋಗ ಜಾಹೀರಾತುಗಳನ್ನು ಪರಿಶೀಲಿಸಿದರು. ಓವರ್‌ಟೈಮ್ ವಿನಾಯಿತಿಯ ಸಂಬಳದ ಗೆರೆಗಿಂತ ಚೂರೇ ಮೇಲಿರುವ ಹುದ್ದೆಗಳಲ್ಲಿ ಮ್ಯಾನೇಜರ್ ಬಗೆಯ ಪದನಾಮಗಳು ಸುಮಾರು ಐದು ಪಟ್ಟು ಏರಿದ್ದವು. ಹೀಗೆ ಉಳಿತಾಯವಾಗುವ ಓವರ್‌ಟೈಮ್ ವರ್ಷಕ್ಕೆ ಸುಮಾರು 400 ಕೋಟಿ ಡಾಲರ್ ಎಂದು ಅವರ ಅಂದಾಜು.

ಈ ಪಂಥದ ತೊಂದರೆ ಬೇರೆ. ಪ್ರತಿಯೊಬ್ಬರ ಕೆಲಸವನ್ನೂ ಬಿಡಿಸಿ ನೋಡಬೇಕು. ಬೆಂಗಳೂರಿನ ಬಟ್ಟೆ ಮಳಿಗೆಯ ಫ್ಲೋರ್ ಮ್ಯಾನೇಜರ್ ತನ್ನ ಕೆಳಗಿನ ಆರು ಜನರ ವೀಕ್ ಆಫ್ ಹಂಚುತ್ತಾನೆ, ಯಾರು ಎಷ್ಟು ಮಾರಿದರೆಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುತ್ತಾನೆ, ಉಳಿದ ಹೊತ್ತು ತಾನೂ ಗಿರಾಕಿಗೆ ಅಂಗಿ ತೋರಿಸುತ್ತಾನೆ. ಅವನಿಗೆ ಯಾರನ್ನೂ ಕೆಲಸಕ್ಕೆ ಸೇರಿಸುವ ಅಧಿಕಾರವಿಲ್ಲ, ತೆಗೆಯುವ ಅಧಿಕಾರವಿಲ್ಲ, ನೂರು ರೂಪಾಯಿ ಡಿಸ್ಕೌಂಟ್ ಕೊಡಬೇಕಾದರೂ ಮೇಲಿನವರಿಗೆ ಫೋನು ಮಾಡಬೇಕು. ಅವನು ಆಡಳಿತಗಾರನೇ? ಅಲ್ಲ ಎಂದು ಸಾಬೀತು ಮಾಡಲು ಅವನು ಲೇಬರ್ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯಬೇಕು.

ಸಂಬಳದ ಗೆರೆ

ಅದಕ್ಕೇ ಮೂರನೆಯ ಗುಂಪು, ಕೆಲಸ ಅಳೆಯುವ ತಾಪತ್ರಯವೇ ಬೇಡ, ಒಂದು ಮೊತ್ತ ಗೊತ್ತುಮಾಡಿ ಎನ್ನುತ್ತದೆ. ಅದಕ್ಕಿಂತ ಕಡಿಮೆ ಸಂಬಳದವನು ಯಾವ ಪದವಿಯಲ್ಲಿದ್ದರೂ ಓವರ್‌ಟೈಮಿಗೆ ಅರ್ಹ. ಮಾಲೀಕನಿಗೂ ತಿಳಿಯುತ್ತದೆ, ದುಡಿಯುವವನಿಗೂ ತಿಳಿಯುತ್ತದೆ.

ಗೆರೆ ಎಳೆಯುವುದು ಸುಲಭ, ಅದನ್ನು ಕಾಲಕ್ಕೆ ತಕ್ಕಂತೆ ಮೇಲೆತ್ತುವುದು ಕಷ್ಟ. ಅಮೆರಿಕ 2004ರಲ್ಲಿ ವಾರಕ್ಕೆ 455 ಡಾಲರ್ ಎಂದಿತು. ಒಬಾಮಾ ಸರ್ಕಾರ 2016ರಲ್ಲಿ 913ಕ್ಕೆ ಏರಿಸಹೊರಟಾಗ ಟೆಕ್ಸಸ್ಸಿನ ಕೋರ್ಟ್ ತಡೆಯಿತು. 2020ರಿಂದ 684 ಆಯಿತು. 2024ರ ಏರಿಕೆಯನ್ನು ಅದೇ ವರ್ಷದ ನವೆಂಬರಿನಲ್ಲಿ ಟೆಕ್ಸಸ್ಸಿನ ಇನ್ನೊಂದು ತೀರ್ಪು ರದ್ದುಮಾಡಿತು. ನಮ್ಮಲ್ಲಿ ಮೇಲ್ವಿಚಾರಕರ ಗೆರೆ 1956ರಲ್ಲಿ 500 ರೂಪಾಯಿ, 1984ರಿಂದ 1,600, 2010ರಲ್ಲಿ 10,000, ಈಗಿನ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ 18,000. ಮಧ್ಯದ ದೀರ್ಘ ವರ್ಷಗಳಲ್ಲಿ 1,600 ರೂಪಾಯಿಯ ಗೆರೆ ಯಾರನ್ನು ಕಾಪಾಡುತ್ತಿತ್ತೋ ದೇವರೇ ಬಲ್ಲ. 18,000 ಕೂಡ 2020ರಲ್ಲಿ ಬರೆದ ಅಂಕಿ. ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಏರಿಸಬಹುದು, ಆದರೆ ಬೆಲೆ ಏರಿಕೆಯೊಂದಿಗೆ ಅದು ತಾನೇ ಏರುವುದಿಲ್ಲ. ಬೆಂಗಳೂರಿನ ಮಳಿಗೆಯ ಸೂಪರ್‌ವೈಸರ್‌ಗೆ ತಿಂಗಳಿಗೆ 18,500 ಕೊಟ್ಟರೆ ಕೆಲಸ ಮುಗಿಯಿತು.

ಕಮಿಷನ್ ಮತ್ತು ಇನ್ಸೆಂಟಿವ್

ಮಾರಾಟಗಾರನ ಫಲ ಅವನ ಮಾರಾಟದಲ್ಲಿದೆ, ಗಂಟೆಯಲ್ಲಲ್ಲ ಎಂಬ ವಾದ ಹಳೆಯದು. ಅಮೆರಿಕ 1961ರಲ್ಲಿ ಇದಕ್ಕೆ ಶರತ್ತು ಹಾಕಿ ಒಪ್ಪಿತು: ಗಳಿಕೆಯ ಅರ್ಧಕ್ಕಿಂತ ಹೆಚ್ಚು ಕಮಿಷನ್ನಿನಿಂದ ಬರಬೇಕು, ಒಟ್ಟು ದರ ಕನಿಷ್ಠ ಕೂಲಿಯ ಒಂದೂವರೆ ಪಟ್ಟು ಮೀರಬೇಕು. ಆಗ ಮಾತ್ರ ಚಿಲ್ಲರೆ ಅಂಗಡಿಗೆ ವಿನಾಯಿತಿ. ಕರ್ನಾಟಕದ ಕಾಯ್ದೆಯಲ್ಲಿ ಕಮಿಷನ್ನಿನವರೂ ಉದ್ಯೋಗಿಗಳೇ ಆದ್ದರಿಂದ ಇಲ್ಲಿ ಈ ವಾದಕ್ಕೆ ನೆಲೆ ಇರಬಾರದು. ಆದರೂ ಟಾರ್ಗೆಟ್ ಮುಟ್ಟಿದವನಿಗೆ ಸಿಗುವ ಇನ್ಸೆಂಟಿವನ್ನೇ ತೋರಿಸಿ, ಓವರ್‌ಟೈಮ್ ಇದರಲ್ಲೇ ಬಂತಲ್ಲ ಎನ್ನುವುದು ರೂಢಿ. ಗಿರಾಕಿಯೇ ಬರದ ಮಂಗಳವಾರದ ಮಧ್ಯಾಹ್ನದಲ್ಲಿ ನಿಂತ ಕಾಲಿಗೆ ಇನ್ಸೆಂಟಿವ್ ಇಲ್ಲ.

ಅಂಗಡಿ ಒಬ್ಬರದು, ಹುಡುಗ ಇನ್ನೊಬ್ಬರವನು

ನನ್ನ ಮಟ್ಟಿಗೆ ಇಂದಿನ ಅತ್ಯಂತ ಜಟಿಲ ಪ್ರಕರಣ ಬ್ರ್ಯಾಂಡ್ ಪ್ರಮೋಟರ್‌ನದು. ಎಲೆಕ್ಟ್ರಾನಿಕ್ಸ್ ಮಳಿಗೆಗೆ ಹೋಗಿ ಫ್ರಿಜ್ ಕೇಳಿ. ಕಂಪನಿಯ ಟೀ ಶರ್ಟು ತೊಟ್ಟ ಯುವಕ ಮುಂದೆ ಬರುತ್ತಾನೆ. ಅವನ ಟಾರ್ಗೆಟ್ ಫ್ರಿಜ್ ಕಂಪನಿಯದು, ಸಂಬಳ ಬರುವುದು ಮ್ಯಾನ್‌ಪವರ್ ಏಜೆನ್ಸಿಯಿಂದ, ಬರುವ ಹೋಗುವ ಹೊತ್ತು ಮಳಿಗೆಯವರು ಹೇಳಿದ್ದು. ಭಾನುವಾರ ರಜೆ ಕೇಳಿದರೆ ಮೂವರೂ ಒಬ್ಬರ ಕಡೆ ಇನ್ನೊಬ್ಬರು ಕೈ ತೋರಿಸುತ್ತಾರೆ. ಅಮೆರಿಕದಲ್ಲಿ ಕಾರ್ಮಿಕ ಇಲಾಖೆಯ ಕೂಲಿ ವಿಭಾಗದ ಮುಖ್ಯಸ್ಥರಾಗಿದ್ದ ಡೇವಿಡ್ ವೈಲ್ 2014ರ ತಮ್ಮ ಪುಸ್ತಕದಲ್ಲಿ ಬಿರುಕುಬಿಟ್ಟ ಕೆಲಸದ ಜಾಗ ಎಂದು ವಿವರಿಸಿದ್ದು ಇಂಥದ್ದನ್ನೇ: ಹತೋಟಿ ಒಬ್ಬರಲ್ಲಿ ಉಳಿದು, ಹೊಣೆ ಕೆಳಕೆಳಗೆ ಜಾರುವುದು.

ನಮ್ಮ ಕೋರ್ಟುಗಳಿಗೆ ಈ ಮುಖವಾಡ ಸರಿಸುವುದು ಹೊಸದಲ್ಲ. ಆಂಧ್ರದ ಅಂಗಡಿ ಕಾಯ್ದೆಯಡಿ ಬಂದ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ, ಪೀಸ್ ಲೆಕ್ಕದಲ್ಲಿ ಹೊಲಿಯುವ, ನಿಗದಿತ ಹೊತ್ತಿಲ್ಲದ ದರ್ಜಿಗಳೂ ಅಂಗಡಿಯ ಉದ್ಯೋಗಿಗಳೇ ಎಂದು ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ 1973ರಲ್ಲೇ ಬರೆದರು. ಹೊಲಿಗೆ ಸರಿಯಿಲ್ಲದಿದ್ದರೆ ವಾಪಸು ಕೊಟ್ಟು ಬಿಚ್ಚಿಸುವ ಹಕ್ಕು ಯಾರಿಗಿದೆಯೋ ಅವನೇ ಒಡೆಯ. 1978ರ ಹುಸೇನ್‌ಭಾಯಿ ಪ್ರಕರಣದಲ್ಲಿ ಕೃಷ್ಣ ಅಯ್ಯರ್ ಅವರು ಕೋಳಿಕ್ಕೋಡಿನ ಹಗ್ಗದ ಕಾರ್ಖಾನೆಯ ಗುತ್ತಿಗೆ ತೆರೆಯನ್ನು ಎತ್ತಿ ನೋಡಿದ್ದರು. ಇನ್ನೊಂದು ಕಡೆ, ಕೇಂದ್ರ ಸರ್ಕಾರ 2011ರಲ್ಲಿ ಮಾರಾಟ ಪ್ರಚಾರ ಉದ್ಯೋಗಿಗಳ ಕಾಯ್ದೆಯನ್ನು ಔಷಧದಾಚೆಗೂ ಚಾಚಿತು. ಸಾಬೂನು ಮತ್ತು ಸೌಂದರ್ಯವರ್ಧಕ, ಸಿದ್ಧ ಉಡುಪು, ತಂಪು ಪಾನೀಯ, ಬಿಸ್ಕತ್ತು, ವಾಹನ, ಎಲೆಕ್ಟ್ರಾನಿಕ್ಸ್, ವಿದ್ಯುತ್ ಉಪಕರಣ, ಬಣ್ಣ ಮುಂತಾದ ಉದ್ಯಮಗಳ ಪ್ರಚಾರಕರೂ ಒಳಗೆ ಬಂದರು. ಯಾವ ಹೆಸರಿನಿಂದ ಕರೆದರೂ ಸರಿ ಎಂಬ ಮಾತು ಅದರ ವ್ಯಾಖ್ಯೆಯಲ್ಲೇ ಇತ್ತು. ಪ್ರಮೋಟರ್‌ಗೆ ಇದು ಹೊಂದುತ್ತಿತ್ತು. ಆದರೆ ಆಗಲೇ ಹೇಳಿದಂತೆ, ಆ ಕಾಯ್ದೆಯಲ್ಲಿ ಗಂಟೆಯೇ ಇರಲಿಲ್ಲ.

ಮಾಲೀಕರ ಮಾತಿನಲ್ಲೂ ಹುರುಳಿದೆ

ಚಿಲ್ಲರೆ ವ್ಯಾಪಾರದ ಏರಿಳಿತ ಕಾರ್ಖಾನೆಯದ್ದಲ್ಲ. ಆಷಾಢದಲ್ಲಿ ಕೈಕಟ್ಟಿ ಕೂತ ಅಂಗಡಿಗೆ ಶ್ರಾವಣದಲ್ಲಿ ಉಸಿರಾಡಲು ಬಿಡುವಿಲ್ಲ. ಇಬ್ಬರು ಹುಡುಗರನ್ನಿಟ್ಟುಕೊಂಡ ಅಂಗಡಿಯವರಿಗೆ ಗಂಟೆಯ ಲೆಕ್ಕವೇ ಒಂದು ಹೊರೆ. ಅರ್ಥಶಾಸ್ತ್ರಜ್ಞರಲ್ಲಿ ಒಂದು ಪಂಥವೂ ಇವರ ಬೆನ್ನಿಗಿದೆ. ಸ್ಟೀಫನ್ ಟ್ರೆಹೊ 1991ರಲ್ಲಿ ತೋರಿಸಿದಂತೆ, ಓವರ್‌ಟೈಮ್ ಕಡ್ಡಾಯ ಮಾಡಿದರೆ ಮೂಲ ಕೂಲಿ ಕೆಳಗಿಳಿದು ಪರಿಣಾಮವನ್ನು ಒಂದಿಷ್ಟು ನುಂಗಿಹಾಕುತ್ತದೆ. ಒಟ್ಟು ಸಂಬಳ ಗೊತ್ತುಮಾಡುವಾಗಲೇ ಹೆಚ್ಚಿನ ಹೊತ್ತು ಅದರಲ್ಲಿ ಸೇರಿರುತ್ತದೆ ಎಂಬುದು ಇದರ ಸಾರ.

ಈ ವಾದಕ್ಕೆ ಒಂದು ಮಿತಿಯನ್ನು ಅದೇ ಪಂಥ ಒಪ್ಪುತ್ತದೆ: ಕನಿಷ್ಠ ಕೂಲಿಯ ಹತ್ತಿರ ಇರುವವನ ಮೂಲ ಕೂಲಿ ಕೆಳಗಿಳಿಯಲಾರದು. ನಮ್ಮ ಅಂಗಡಿ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಇರುವುದು ಅಲ್ಲಿಯೇ. ಇನ್ನು ಕೆಲಸಕ್ಕೆ ಸೇರುವಾಗ, ಹತ್ತರಿಂದ ಒಂಬತ್ತು ಎಂದವರು ಹನ್ನೊಂದರ ತನಕ ನಿಲ್ಲಿಸುತ್ತೇವೆ ಎಂದು ಹೇಳಿರುವುದಿಲ್ಲ. ಹೇಳದ ಹೊತ್ತಿಗೆ ಬೆಲೆ ಕಟ್ಟಿ ಒಪ್ಪಿಕೊಂಡರು ಎನ್ನುವುದು ಹೇಗೆ?

ಗಡಿಯಾರ ಯಾರ ಕೈಯಲ್ಲಿ

ಈ ಎಲ್ಲ ಪಂಥಗಳನ್ನು ಓದಿದ ಮೇಲೆ ನನಗೆ ಕಾಣುವುದು ಇಷ್ಟು: ವ್ಯಾಖ್ಯೆಯ ಜಗಳದಲ್ಲಿ ಗೆದ್ದವನೂ ಗಂಟೆಯ ಸಾಕ್ಷ್ಯದಲ್ಲಿ ಸೋಲುತ್ತಾನೆ. ನಿಜವಾದ ಕೀಲಿ ದಾಖಲೆ. ಅಮೆರಿಕದ ಸುಪ್ರೀಂ ಕೋರ್ಟ್ 1946ರಲ್ಲೇ ಮೌಂಟ್ ಕ್ಲೆಮೆನ್ಸ್ ಪಾಟರಿ ಪ್ರಕರಣದಲ್ಲಿ, ಮಾಲೀಕ ಸರಿಯಾದ ದಾಖಲೆ ಇಡದಿದ್ದರೆ ಕಾರ್ಮಿಕನ ನಂಬಲರ್ಹ ಅಂದಾಜು ಸಾಕು, ಅದನ್ನು ಅಲ್ಲಗಳೆಯುವ ಭಾರ ಮಾಲೀಕನದು ಎಂದಿತು. ದಾಖಲೆ ಇಡದವನಿಗೇ ಅದರ ಲಾಭ ಸಿಗಬಾರದು ಎಂಬುದು ಸರಳ ನ್ಯಾಯ. ಅದೇ ಕೋರ್ಟ್ 2025ರ ಜನವರಿಯಲ್ಲಿ, ಕಿರಾಣಿ ಮಳಿಗೆಗಳಿಗೆ ಆಹಾರ ಪದಾರ್ಥ ಪೂರೈಸುವ ಇಎಂಡಿ ಸೇಲ್ಸ್ ಕಂಪನಿಯ ಪ್ರಕರಣದಲ್ಲಿ, ವಿನಾಯಿತಿ ಸಾಬೀತು ಮಾಡಲು ಮಾಲೀಕನಿಗೆ ಸಾಮಾನ್ಯ ಸಿವಿಲ್ ದಾವೆಯಷ್ಟೇ ಸಾಕ್ಷ್ಯ ಸಾಕು ಎಂದು ಒಮ್ಮತದಿಂದ ಹೇಳಿತು. ಭಾರ ಅವನ ಮೇಲೇ ಉಳಿದರೂ ಕೆಲವೆಡೆ ಮೊದಲಿಗಿಂತ ಹಗುರಾಯಿತು.

ನಮ್ಮಲ್ಲಿ ದಾರಿ ಇನ್ನೂ ಡೊಂಕಾಗಿತ್ತು. ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಬಾಕಿ ಹಣ ಲೆಕ್ಕ ಹಾಕಿಸುವ 33ಸಿ(2) ಕಲಮಿನಡಿ ಹೋದರೆ, ಹಕ್ಕು ಮೊದಲೇ ತೀರ್ಮಾನವಾಗಿರಬೇಕು, ಇಲ್ಲಿ ಹೊಸದಾಗಿ ತೀರ್ಮಾನಿಸಲಾಗದು ಎಂದು 1994ರ ಗಣೇಶ್ ರಜಾಕ್ ತೀರ್ಪು ಬಾಗಿಲು ಹಾಕಿತ್ತು. ಕನಿಷ್ಠ ಕೂಲಿ ಕಾಯ್ದೆಯಡಿ ಹೋದರೆ, ಅಲ್ಲಿನ ಓವರ್‌ಟೈಮ್ ಕನಿಷ್ಠ ದರ ಪಡೆಯುವವರಿಗೆ ಮಾತ್ರ ಎಂದು 1998ರ ಹಟ್ಟಾ ಪುರಸಭೆ ಪ್ರಕರಣ ಹೇಳಿತು. ಸಂಬಳ ಪಾವತಿ ಕಾಯ್ದೆಯಡಿ ಹೋದರೆ ಹನ್ನೆರಡು ತಿಂಗಳ ಗಡುವಿತ್ತು. ಅಂಗಡಿ ಬಿಟ್ಟ ಮೇಲೆ ಧೈರ್ಯ ಮಾಡಿ ಕೇಳುವವನಿಗೆ ಅಷ್ಟರಲ್ಲಿ ಹಳೆಯ ಬಾಕಿಯೆಲ್ಲ ಕೈಬಿಟ್ಟಿರುತ್ತಿತ್ತು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಈ ಚಿತ್ರವನ್ನು ಕೆಲವೆಡೆ ತಿದ್ದುತ್ತವೆ. ಕೂಲಿ ಸಂಹಿತೆಯ ಉದ್ಯೋಗಿ ವ್ಯಾಖ್ಯೆಯಲ್ಲಿ ಮೇಲ್ವಿಚಾರಕರೂ ಆಡಳಿತಗಾರರೂ ಸೇರಿದ್ದಾರೆ. ಬಾಕಿ ಕೇಳಲು ಮೂರು ವರ್ಷ ಸಮಯವಿದೆ. ಪರಿಹಾರ ಬಾಕಿಯ ಹತ್ತು ಪಟ್ಟಿನವರೆಗೂ ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕೂಲಿ ಕೊಟ್ಟಿದ್ದೇನೆಂದು ಸಾಬೀತು ಮಾಡುವ ಭಾರ 59ನೇ ಕಲಮಿನಡಿ ಮಾಲೀಕನ ಮೇಲಿದೆ. ಕೈಗಾರಿಕಾ ಸಂಬಂಧ ಸಂಹಿತೆ ಮಾರಾಟ ಪ್ರಚಾರ ಉದ್ಯೋಗಿಗಳನ್ನು ಕಾರ್ಮಿಕರ ಪಟ್ಟಿಗೆ ಹೆಸರಿಟ್ಟೇ ಸೇರಿಸಿದೆ. ಅಡ್ಯಂತಾಯ ತೀರ್ಪಿನ ಕೊರಕಲನ್ನು ಶಾಸಕಾಂಗ ಕೊನೆಗೂ ಮುಚ್ಚಿದಂತೆ ಕಾಣುತ್ತದೆ.

ಇತ್ಯರ್ಥವಾಗದೆ ಉಳಿದದ್ದು

ಕಾಣುತ್ತದೆ ಎಂದೆ, ಏಕೆಂದರೆ ಕೌಂಟರಿನ ಮಾರಾಟಗಾರ ಮಾರಾಟ ಪ್ರಚಾರ ಉದ್ಯೋಗಿಯೋ ಅಲ್ಲವೋ ಎಂಬುದು ಇನ್ನೂ ತೀರ್ಮಾನವಾಗಬೇಕು. ಅಂಗಡಿಗೆ ಬಂದವರಿಗೆ ಸೀರೆ ತೋರಿಸುವುದು ಮಾರಾಟವನ್ನು ಬೆಳೆಸುವುದೇ, ಅಥವಾ ಬರೀ ಮಾರುವುದೇ? ಕೂಲಿ ಸಂಹಿತೆಯ ಓವರ್‌ಟೈಮ್ ಕಲಮು ಕೂಡ ಕನಿಷ್ಠ ಕೂಲಿ ನಿಗದಿಯಾದ ಉದ್ಯೋಗಿ ಎಂಬ ಹಳೆಯ ಮಾತನ್ನೇ ಹೊತ್ತು ತಂದಿದೆ. ಹಟ್ಟಾ ತೀರ್ಪಿನ ಓದು ಇದರೊಳಕ್ಕೂ ನುಸುಳಿದರೆ, ಕನಿಷ್ಠಕ್ಕಿಂತ ಸಾವಿರ ರೂಪಾಯಿ ಹೆಚ್ಚು ಪಡೆಯುವವನು ಮತ್ತೆ ಹೊರಗುಳಿಯುತ್ತಾನೆ.

ರಾಜ್ಯದ ಅಂಗಡಿ ಕಾಯ್ದೆ ಉಳಿದಿದೆ, ಕೇಂದ್ರದ ಸಂಹಿತೆಗಳೂ ಬಂದಿವೆ. ಒಂದರಲ್ಲಿ ಆಡಳಿತ ಹುದ್ದೆಗೆ ಗೆರೆಯಿಲ್ಲ, ಇನ್ನೊಂದರಲ್ಲಿ 18,000ದ ಗೆರೆ, ಮತ್ತೊಂದರಲ್ಲಿ ಆಡಳಿತಗಾರನೂ ಒಳಗೆ. ಒಬ್ಬನೇ ಫ್ಲೋರ್ ಮ್ಯಾನೇಜರ್ ಬೆಳಗ್ಗೆ ಉದ್ಯೋಗಿ, ಸಂಜೆ ಕಾರ್ಮಿಕ, ರಾತ್ರಿ ಎರಡೂ ಅಲ್ಲ ಎಂಬಂತಾಗಬಹುದು.

ಯಾವುದು ಕೆಲಸದ ಹೊತ್ತು ಎಂಬುದೂ ತೆರೆದೇ ಇದೆ. ಮಾಲ್‌ನಲ್ಲಿ ಪಾಳಿ ಮುಗಿದ ಮೇಲೆ ಸಿಬ್ಬಂದಿಯ ಬ್ಯಾಗು ತಪಾಸಣೆಗೆ ಸಾಲು ನಿಲ್ಲಬೇಕು. ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲಿ ಗೋದಾಮಿನ ನೌಕರರ ಅಂಥ ಕಾಯುವಿಕೆಗೆ ಕೂಲಿಯಿಲ್ಲ ಎಂದಿತು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2020ರಲ್ಲಿ ಆ್ಯಪಲ್ ಮಳಿಗೆಯವರಿಗೆ ರಾಜ್ಯದ ಕಾನೂನಿನಡಿ ಇದೆ ಎಂದಿತು. ರಾತ್ರಿ ಹತ್ತೂವರೆಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾಳಿನ ಟಾರ್ಗೆಟ್ ಓದಿ ಥಂಬ್ಸ್ ಅಪ್ ಒತ್ತುವ ಹೊತ್ತು ಯಾರದು? ಆ ಸಂದೇಶದ ಸಮಯವೇ ಕಾರ್ಮಿಕನ ಸಾಕ್ಷ್ಯವಾಗುತ್ತದೆಯೇ?

ಮೊದಲಿನ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ತಿಂಗಳಿಗೆ 39 ಗಂಟೆಯಂತೆ ಮೂರು ತಿಂಗಳಿಗೆ 117 ಗಂಟೆ. ಕಾಯ್ದೆಯ ಮಿತಿ 50. ಅಂದರೆ ಹಣ ಕೇಳುವ ಅರ್ಜಿಯೇ ಮಾಲೀಕನ ಇನ್ನೊಂದು ಉಲ್ಲಂಘನೆಯ ದೂರು. ಮಿತಿ ಮೀರಿದ ಗಂಟೆಗಳನ್ನು ಯಾವ ಮಾಲೀಕನೂ ಪುಸ್ತಕಕ್ಕೆ ಏರಿಸುವುದಿಲ್ಲ. 2021ರ ಜನವರಿಯಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಅಂಗಡಿಗಳಿಗೆ ದಿನವಿಡೀ ತೆರೆಯಲು ಅನುಮತಿ ಕೊಟ್ಟ ಕರ್ನಾಟಕದ ಆದೇಶದಲ್ಲೂ ಇದೇ ಮಿತಿ ಇತ್ತು. 2025ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮುಂದಿಟ್ಟ ಪ್ರಸ್ತಾವ ದಿನದ ಕೆಲಸವನ್ನು 10 ಗಂಟೆಗೆ, ಓವರ್‌ಟೈಮ್ ಸೇರಿ 12ಕ್ಕೆ, ಮೂರು ತಿಂಗಳ ಮಿತಿಯನ್ನು 144ಕ್ಕೆ ಏರಿಸುವುದು. ಒಪ್ಪುವವರು, ಕದ್ದು ನಡೆಯುವುದು ಬಹಿರಂಗವಾಗಿ ನಡೆದು ಕೂಲಿ ಸಿಗುತ್ತದೆ ಎನ್ನುತ್ತಾರೆ. ವಿರೋಧಿಸುವ ಕಾರ್ಮಿಕ ಸಂಘಗಳು, 50 ಗಂಟೆಗೇ ಕೂಲಿ ಕೊಡದವರು 144ಕ್ಕೆ ಕೊಡುವರೇ ಎಂದು ಕೇಳುತ್ತವೆ. ಆಡಳಿತದ ಹುದ್ದೆ ಎಂದರೇನು ಎಂಬುದಕ್ಕೆ ಗೆರೆ ಎಳೆಯುವ ಮಾತು ಈ ಚರ್ಚೆಯಲ್ಲಿ ಎರಡೂ ಕಡೆಯಿಂದ ಮುನ್ನೆಲೆಗೆ ಬಂದಿಲ್ಲ.